ನಾಯಿಯ ಎದೆ ‘ಜೋರಾಗಿ’ ಹೊಡ್ಕೊಳ್ಳೋದು ಅಂದ್ರೆ ವೇಗವೋ, ಬಲವೋ?

ಗೆಳೆಯರೇ,

ಮಂಡ್ಯದಲ್ಲಿ ನಾಯಿ, ಬೆಕ್ಕು ನೋಡುವ ಡಾಕ್ಟರೊಬ್ಬರಿಗೆ (ಊರಿನವರ ಬಾಯಲ್ಲಿ ಅವರೂ ‘ದನದ ಡಾಕ್ಟ್ರೇ’) ಒಂದು ಪುಟದ ಕರಪತ್ರ ಬರೆದುಕೊಡುತ್ತಿದ್ದೇನೆ. ವಯಸ್ಸಾದ ನಾಯಿಯ ಎದೆಬಡಿತ ವಿಪರೀತ ಏರಿದರೆ ಮನೆಯವರು ಏನು ಗಮನಿಸಬೇಕು, ಆಸ್ಪತ್ರೆಯಲ್ಲಿ ಏನೇನು ನೋಡುತ್ತಾರೆ ಅನ್ನೋದು ವಿಷಯ. ‘ಟ್ಯಾಕಿಕಾರ್ಡಿಯಾ’ ಬೇಡ. ‘ಹೃದಯ ಕ್ಷಿಪ್ರತೆ’ ಅಂತೂ ಇನ್ನೂ ಬೇಡ. ಆದರೆ ಆಡುಮಾತಿಗೆ ಇಳಿದರೆ ಬೇರೆ ತೊಡಕು.

ನಮ್ಮ ಕಡೆ ಎಲ್ಲರೂ ಹೇಳೋದು ‘ಎದೆ ಜೋರಾಗಿ ಹೊಡ್ಕೋತಾ ಇದೆ’ ಅಂತ. ‘ಜೋರಾಗಿ ಓಡು’ ಅಂದರೆ ವೇಗ. ‘ಜೋರಾಗಿ ಗುದ್ದು’ ಅಂದರೆ ಬಲ. ‘ಜೋರಾಗಿ ಕೂಗು’ ಅಂದರೆ ದನಿ. ದಿನದ ಮಾತಿಗೆ ಇದು ಸಾಕು, ಇಲ್ಲಿ ಸಾಲದು. ಮುದಿ ನಾಯಿಗಳಲ್ಲಿ ಗುಲ್ಮದ (ಸ್ಪ್ಲೀನ್) ಗೆಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸೋರುವುದುಂಟು. ಆಗ ಎದೆ ಬಡಿಯುವ ವೇಗ ಹೆಚ್ಚು, ನಾಡಿ ಮಾತ್ರ ಬೆರಳಿಗೆ ಸಿಕ್ಕೂ ಸಿಗದಷ್ಟು ಸಣ್ಣ. ಅದನ್ನು ‘ಜೋರು’ ಅಂದರೆ ಡಾಕ್ಟರಿಗೆ ಏನು ತಿಳಿಯಬೇಕು? ‘ರಭಸ’, ‘ಬಿರುಸು’ ಎರಡರದ್ದೂ ಅದೇ ಕತೆ. ‘ಚುರುಕು’ ಅಂದರೆ ಹೊಗಳಿದ ಹಾಗಾಯಿತು. ‘ಡವಡವ’ದಲ್ಲಿ ಹೆದರಿಕೆ ಇದೆ. ಅದು ಪೂರ್ತಿ ತಪ್ಪಲ್ಲ ಬಿಡಿ, ಆಸ್ಪತ್ರೆಯ ಮೇಜು ಹತ್ತಿಸಿದರೆ ಹೆದರಿಕೆಗೇ ಬಡಿತ ಏರುತ್ತದೆ. ಅದಕ್ಕೇ ಮನೆಯಲ್ಲಿ ಸುಮ್ನೆ ಮಲಗಿರುವಾಗ ಎಣಿಸಿ ಬನ್ನಿ ಅನ್ನುತ್ತಾರೆ. ಆಗ ದೊಡ್ಡ ನಾಯಿಗೆ ನಿಮಿಷಕ್ಕೆ ಸುಮಾರು 60ರಿಂದ 100, ಸಣ್ಣ ತಳಿಗೆ 140ರವರೆಗೂ ಇರಬಹುದು.

ಸದ್ಯಕ್ಕೆ ‘ಬೇಗಬೇಗ ಬಡಿಯುವುದು’ ಅಂತ ಬರೆದಿದ್ದೇನೆ. ‘ಬಡ್ಕೊಳ್ಳೋದು’ ಅಂದರೆ ಯಾರೋ ಗೋಳಾಡಿದ ಹಾಗೆ ಕೇಳಿಸುತ್ತದೆ, ಅಲ್ವಾ?

ಎರಡನೆಯದು ಬಡಿತ ಮತ್ತು ಮಿಡಿತ. ‘ಎದೆಬಡಿತ’, ‘ಹೃದಯದ ಮಿಡಿತ’, ‘ನಾಡಿಬಡಿತ’, ‘ನಾಡಿಮಿಡಿತ’ ಎಲ್ಲವನ್ನೂ ನಾವು ಒಂದರ ಜಾಗದಲ್ಲಿ ಇನ್ನೊಂದು ಬಳಸುತ್ತೇವೆ. ಡಾಕ್ಟರು ಕೆಲಸ ಮಾಡುವುದನ್ನು ನೋಡಿದರೆ ಇವನ್ನು ಬೇರೆ ಇಡಬೇಕು ಅನ್ನಿಸುತ್ತದೆ. ಒಂದು ಕೈಯಲ್ಲಿ ಸ್ಟೆತಾಸ್ಕೋಪನ್ನು ನಾಯಿಯ ಎಡ ಮೊಣಕೈ ಹಿಂದೆ, ಪಕ್ಕೆಗೆ ಒತ್ತಿ ಹಿಡಿಯುತ್ತಾರೆ. ಇನ್ನೊಂದು ಕೈಯ ಬೆರಳು ಹಿಂಗಾಲಿನ ತೊಡೆಯ ಒಳಗಡೆ. ಕಿವಿಗೆ ಕೇಳುವ ಪ್ರತಿ ಬಡಿತಕ್ಕೂ ಬೆರಳಿಗೆ ಒಂದು ಮಿಡಿತ ಸಿಗಬೇಕು. ಏಟ್ರಿಯಲ್ ಫಿಬ್ರಿಲೇಷನ್ (ಗುಂಡಿಗೆಯ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆ) ಇದ್ದರೆ ಸಿಗುವುದಿಲ್ಲ. ಗುಂಡಿಗೆಯೊಳಗೆ ರಕ್ತ ತುಂಬುವ ಮೊದಲೇ ಕೆಲವು ಬಡಿತ ಆಗಿಬಿಡುತ್ತವೆ, ಅವು ತೊಡೆವರೆಗೆ ತಲುಪುವುದೇ ಇಲ್ಲ. ಎದೆಯಲ್ಲಿ 200 ಎಣಿಸಿ ತೊಡೆಯಲ್ಲಿ 150 ಬಂದರೆ ಆ ವ್ಯತ್ಯಾಸವೇ ಸುಳಿವು. ಕೂಡಲೇ ಬಲಮಗ್ಗುಲಿಗೆ ಮಲಗಿಸಿ ಇಸಿಜಿ. ಈ ಸಾಲನ್ನು ಎರಡೂ ಕಡೆ ‘ಬಡಿತ’ ಹಾಕಿ ಬರೆದು ನೋಡಿ, ಕಲಸುಮೇಲೋಗರ ಆಗುತ್ತದೆ. ಎದೆಗೆ ಬಡಿತ, ನಾಡಿಗೆ ಮಿಡಿತ ಅಂತ ಗಟ್ಟಿ ಮಾಡಿಕೊಳ್ಳೋಣ ಅನ್ನೋದು ನನ್ನ ಪಕ್ಷ. ಬೆರಳಿಗೆ ಸಿಗುವುದಕ್ಕೆ ‘ಮಿಡಿ’ ಹೊಂದುತ್ತದೆ, ತಂತಿ ಮಿಡಿಯುವುದೂ ಬೆರಳೇ.

ಎಕ್ಸ್‌ರೇ, ಎಕೋ, ರಕ್ತಪರೀಕ್ಷೆ, ಬಿಪಿ ಎಲ್ಲ ಹಾಗೇ ಇರಲಿ, ಯಾರಿಗೂ ಕಷ್ಟ ಇಲ್ಲ. ರಕ್ತಪರೀಕ್ಷೆ ಯಾಕೆ ಅನ್ನುವುದಕ್ಕೆ ಮಾತ್ರ ಒಂದು ಸಾಲು ಸೇರಿಸಿದ್ದೇನೆ. ಉಣ್ಣೆ ಹುಳ ಕಚ್ಚಿ ಬರುವ ಜ್ವರದಲ್ಲಿ ರಕ್ತ ಕಮ್ಮಿಯಾದರೂ ಬಡಿತ ಏರುತ್ತದೆ, ಆಗ ತೊಂದರೆ ಹೃದಯದ್ದಲ್ಲ.

ಕೊನೆಗೆ ‘ಅಳ್ಳೆ’, ಅಂದರೆ ಪಕ್ಕೆಲುಬಿನ ಹಿಂದಿನ ಹೊಟ್ಟೆಯ ಮಗ್ಗುಲು. ದನ ಸಾಕಿದವರು ನಾಯಿಯನ್ನು ಕರೆತಂದು ‘ಅಳ್ಳೆ ಹೊಡ್ಕೋತದೆ ಸಾರ್’ ಅನ್ನುತ್ತಾರೆ. ಅಳ್ಳೆ ಹೊಡ್ಕೊಳ್ಳೋದು ಉಸಿರು, ಎದೆಬಡಿತವಲ್ಲ. ಹಾಗಂತ ತಳ್ಳಿಹಾಕುವ ಹಾಗಿಲ್ಲ. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು, ಹೃದಯ ಸೋತಾಗ ಆಗುವುದು ಅದೇ. ಎಣಿಸಲು ಇಷ್ಟು ಸುಲಭದ ಜಾಗ ನಾಯಿಯ ಮೈಯಲ್ಲಿ ಇನ್ನೊಂದಿಲ್ಲ. ಆದ್ದರಿಂದ ‘ನಾಯಿ ಮಲಗಿರುವಾಗ ಅಳ್ಳೆ ಎಷ್ಟು ಸಲ ಏಳುತ್ತದೆ ಎಣಿಸಿ’ ಅಂತಲೇ ಬರೆಯುವ ಆಸೆ.

ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯವರು ಹೇಳಿ: ನಿಮ್ಮಲ್ಲಿ ನಾಯಿಗೂ ಅಳ್ಳೆ ಅನ್ನುತ್ತಾರಾ, ದನಕ್ಕೆ ಮಾತ್ರವಾ? ಮೈಸೂರು ಪೇಟೆಯವರಿಗೆ ಈ ಪದ ತಿಳಿಯುತ್ತದಾ? ಬಲ ಬಿಟ್ಟು ವೇಗವನ್ನಷ್ಟೇ ಹೇಳುವ, ‘ಬೇಗಬೇಗ’ಕ್ಕಿಂತ ಒಳ್ಳೆಯ ಮಾತು ನಿಮ್ಮ ಮನೆಗಳಲ್ಲಿ ಇದ್ದರೆ ಅದನ್ನೂ ಕಳಿಸಿ.