ಸಹಾಯ ಬೇಕು: ಆರ್‌ಎಫ್ ವೆಲ್ಡಿಂಗ್‌ನಲ್ಲಿ ಪಿವಿಸಿ ಜೋಡಣೆ ಬಿಟ್ಟುಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರಿನಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ತೊಗರಿ ರಾಶಿ ಮುಚ್ಚುವ ಪಿವಿಸಿ ತಾಡಪತ್ರಿ ಮಾಡುತ್ತೇವೆ. ಮೊದಲು ಬಿಸಿಗಾಳಿಯಿಂದ ಅಂಟಿಸುತ್ತಿದ್ದೆವು. ಈಗ 27.12 ಮೆಗಾಹರ್ಟ್ಸ್‌ನ ಸೆಕೆಂಡ್ ಹ್ಯಾಂಡ್ ಆರ್‌ಎಫ್ ಮಷೀನ್ ತಂದಿದ್ದೇವೆ, ಅಂದರೆ ರೇಡಿಯೋ ಫ್ರೀಕ್ವೆನ್ಸಿ ವಿದ್ಯುತ್ತಿನಿಂದ ಪಿವಿಸಿ ಅಂಟಿಸುವ ಯಂತ್ರ.

ಇದರಲ್ಲಿ ಶಾಖ ಹೊರಗಿನಿಂದ ಬರುವುದಿಲ್ಲ, ಪಿವಿಸಿ ಒಳಗೇ ಹುಟ್ಟುತ್ತದೆ. ವಿದ್ಯುತ್ ಕ್ಷೇತ್ರ ಸೆಕೆಂಡಿಗೆ ಕೋಟಿಗಟ್ಟಲೆ ಸಲ ದಿಕ್ಕು ಬದಲಿಸುತ್ತದೆ, ಅಣುಗಳು ಅದರ ಜೊತೆ ಅಲುಗಾಡಿ ಬಿಸಿಯಾಗುತ್ತವೆ. ಸರಿಯಾಗಿ ಕೂತರೆ, ಎಳೆದಾಗ ಬಟ್ಟೆ ಹರಿಯಬೇಕೇ ಹೊರತು ಜೋಡಣೆ ಬಿಡಬಾರದು. ನಮ್ಮಲ್ಲಿ ಉಲ್ಟಾ. ಪಟ್ಟಿಯ ಒಂದು ತುದಿ ಗಟ್ಟಿ, ಇನ್ನೊಂದು ತುದಿ ಕೈಯಲ್ಲಿ ಎಳೆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಏಳುತ್ತದೆ. ಪವರ್ ಜಾಸ್ತಿ ಮಾಡಿದರೆ ಡೈ (ಒತ್ತುವ ಲೋಹದ ಭಾಗ) ಅಂಚಿನಲ್ಲಿ ಚಟ್ ಅಂತ ಕಿಡಿ, ಅಲ್ಲೊಂದು ಕಪ್ಪು ತೂತು. ಅದರಿಂದ ಮಳೆ ನೀರು ಇಳಿದರೆ ರೈತನ ತೊಗರಿಗೇ ಹೊಡೆತ, ಅಲ್ವಾ? ಅದಕ್ಕೇ ಆ ಮಾಲು ಹೊರಗೆ ಕಳಿಸಿಲ್ಲ.

ನನ್ನ ಅನುಮಾನ ಡೈ ಮೇಲೆ. ಪವರ್ ಆಫ್ ಮಾಡಿ, ಕಾರ್ಬನ್ ಪೇಪರ್ ಇಟ್ಟು ಒತ್ತಿದರೆ ಒಂದು ಕಡೆ ಅಚ್ಚು ತೆಳುವಾಗಿ ಮೂಡುತ್ತದೆ. ಶಿಮ್ (ತೆಳು ತಗಡು) ಹಾಕಿ ಸರಿ ಮಾಡಬಹುದಾ, ಇಲ್ಲಾ ಡೈಯನ್ನೇ ಗ್ರೈಂಡ್ ಮಾಡಿಸಬೇಕಾ? ಕಿಡಿ ತಡೆಯಲು ಕೆಳಗೆ ಯಾವ ಬಫರ್ ಶೀಟ್ (ವಿದ್ಯುತ್ ತಡೆಯುವ ಹಾಳೆ) ಬಾಳಿಕೆ ಬರುತ್ತದೆ? ಪವರ್ ನಿಂತ ಮೇಲೆ ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರಿ?

ಪಾಲಿಥೀನ್ ತಾಡಪತ್ರಿ ಮಾಡಿ ಅಂತ ದಯವಿಟ್ಟು ಹೇಳಬೇಡಿ, ಅದು ಆರ್‌ಎಫ್‌ನಲ್ಲಿ ಬಿಸಿಯೇ ಆಗುವುದಿಲ್ಲ.

ಇನ್ನೊಂದು ಮಾತು. ಮಷೀನ್ ಹತ್ತಿರ ಹುಡುಗರು ದಿನವಿಡೀ ನಿಲ್ಲುತ್ತಾರೆ. ಆರ್‌ಎಫ್ ಸೋರಿಕೆ ಅಳೆಯುವ ಮೀಟರ್ ಇರುವವರು ಕಲಬುರಗಿ, ಬೀದರ್ ಕಡೆ ಇದ್ದರೆ ಮೊದಲು ಅವರೇ ಮೆಸೇಜ್ ಮಾಡಿ. ಬಾಡಿಗೆ ಕೊಡುತ್ತೇವೆ.