ಎರಡನೇ ತರಗತಿಯ ಮಗಳನ್ನು ಊರ ಶಾಲೆ ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕಲೇ?

ಪ್ರಶ್ನೆ (ಮುಧೋಳ ತಾಲ್ಲೂಕಿನ ತಾಯಿ):
ನಮಸ್ಕಾರ ಸರ್. ನಮ್ಮದು ಮುಧೋಳದಿಂದ 9 ಕಿ.ಮೀ. ದೂರದ ಹಳ್ಳಿ. ಮನೆಯವರು ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ, ನಾನು ಬ್ಲೌಸ್ ಹೊಲಿಯುತ್ತೇನೆ. ಮಗಳು ಊರ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ. ಒಂದು, ಎರಡು, ಮೂರು ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಹೋಂವರ್ಕ್ ಇಲ್ಲ. ಏನು ಕಲಿತೆ ಅಂದರೆ "ಕಾರ್ಡ್ ಮಾಡಿದೆವು" ಅನ್ನುತ್ತಾಳೆ. ನಾದಿನಿ ಮಗನೂ ಎರಡನೇ ತರಗತಿಯೇ, ಮುಧೋಳದ ಇಂಗ್ಲಿಷ್ ಮೀಡಿಯಂ. ಟೈ ಕಟ್ಟಿಕೊಂಡು ಪಟಪಟ ರೈಮ್ಸ್ ಹೇಳುತ್ತಾನೆ. ವ್ಯಾನು ನಮ್ಮ ಓಣಿಗೇ ಬರುತ್ತದೆ. ಫೀ 24 ಸಾವಿರ, ವ್ಯಾನಿಗೆ ತಿಂಗಳಿಗೆ 900. ಅತ್ತೆ ದಿನಾ "ಇರೋದು ಒಂದ ಹುಡುಗಿ, ಸರಕಾರಿ ಸಾಲಿಯೊಳಗ ಯಾಕ ಇಟ್ಟೀ" ಅಂತಾರೆ. ಏನು ಮಾಡಲಿ?

ಉತ್ತರ (ನಿವೃತ್ತ ಮುಖ್ಯ ಶಿಕ್ಷಕ):
ತಂಗಿ, ಮೊದಲೇ ಹೇಳಿಬಿಡುತ್ತೇನೆ. 33 ವರ್ಷ ಸರ್ಕಾರಿ ಶಾಲೆಯಲ್ಲಿ ಕಲಿಸಿದ ನಾನು ನನ್ನ ಇಬ್ಬರು ಮಕ್ಕಳನ್ನೂ ಖಾಸಗಿ ಶಾಲೆಗೇ ಕಳಿಸಿದೆ. ಹಾಗಾಗಿ ನಿಮಗೆ ಭಾಷಣ ಮಾಡುವ ಮುಖ ನನಗಿಲ್ಲ.

ಒಂದೇ ಕೋಣೆ ಅಂದರೆ ಅದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ, ಕೋಣೆ ಸಾಲದು ಅಂತ ಮಾಡಿದ್ದಲ್ಲ. ಮಕ್ಕಳು ತಟ್ಟೆ ಅಂತ ಗುಂಪಾಗಿ ಕೂರುತ್ತಾರೆ. ಒಂದು ತಟ್ಟೆಗೆ ಅಕ್ಕೋರು ಪಕ್ಕದಲ್ಲೇ ಇದ್ದು ಕಲಿಸುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಪಾಠವೆಲ್ಲ ಕಾರ್ಡುಗಳಲ್ಲಿರುತ್ತದೆ, ಯಾವುದರ ನಂತರ ಯಾವುದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ ಗೋಡೆಯ ಮೇಲೆ ಇರುತ್ತದೆ. ಶಾಲೆಗೆ ಹೋಗಿ "ನನ್ನ ಮಗಳು ಯಾವ ಮೆಟ್ಟಿಲಲ್ಲಿದ್ದಾಳೆ, ಬೆರಳಿಟ್ಟು ತೋರಿಸಿ" ಅನ್ನಿ. ಥಟ್ಟನೆ ತೋರಿಸಿದರೆ ಪಾಠ ನಡೆಯುತ್ತಿದೆ. ಕಾರ್ಡೆಲ್ಲ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದರೆ ಅದು ಬೇರೆ ಕಥೆ. ಅಂಥ ಶಾಲೆಗಳೂ ಇವೆ, ನಾನೇ ನೋಡಿದ್ದೇನೆ.

ಆಮೇಲೆ ಮನೆಯಲ್ಲಿ ಒಂದು ಲಗ್ನಪತ್ರಿಕೆ ಹುಡುಕಿ. ಮಗಳಿಗೆ ಕೊಟ್ಟು ಯಾರ ಮದುವೆ, ಯಾವ ವಾರ ಅಂತ ಕೇಳಿ. ನಾದಿನಿ ಮಗನಿಗೆ ಅವನ ಇಂಗ್ಲಿಷ್ ಪುಸ್ತಕದಲ್ಲಿ ಇನ್ನೂ ಆಗದ ಪಾಠದ ಒಂದು ಸಾಲು ಓದಿಸಿ, ಕನ್ನಡದಲ್ಲಿ ಅರ್ಥ ಕೇಳಿ. ರೈಮ್ಸ್ ಬೇಡ, ಅದು ಬಾಯಿಪಾಠ. ಇಬ್ಬರಿಗೂ 43ರಲ್ಲಿ 28 ಕಳೆಯಲು ಹೇಳಿ. 25 ಅಂತ ಬರೆದರೆ ಎಂಟರಲ್ಲಿ ಮೂರು ಕಳೆದಿದ್ದಾರೆ ಅಂತ ಅರ್ಥ. ದಶಕ ತೆಗೆಯುವುದು ಇನ್ನೂ ಬಂದಿಲ್ಲ.

ಇದನ್ನೇ ದೊಡ್ಡದಾಗಿ ಸಂಶೋಧಕರು ಆಂಧ್ರದಲ್ಲಿ ನೋಡಿದ್ದಾರೆ. ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಚೀಟಿ ಎತ್ತಿ, ಕೆಲವು ಸರ್ಕಾರಿ ಶಾಲೆ ಮಕ್ಕಳ ಖಾಸಗಿ ಫೀ ಕಟ್ಟಿದರು. ನಾಲ್ಕು ವರ್ಷದ ನಂತರ ತೆಲುಗು, ಗಣಿತದಲ್ಲಿ ಎರಡೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದೇ. ಹಿಂದಿಯಲ್ಲಿ ಮಾತ್ರ ಖಾಸಗಿಯವರು ಬಹಳ ಮುಂದೆ. ನ್ಯಾಯವಾಗಿ ಇದನ್ನೂ ಹೇಳಬೇಕು: ಆ ಖಾಸಗಿ ಶಾಲೆಗಳು ಮಗುವೊಂದಕ್ಕೆ ಸರ್ಕಾರ ಮಾಡುವ ಖರ್ಚಿನ ಮೂರನೇ ಒಂದು ಭಾಗದಲ್ಲೇ ಅಷ್ಟು ಮಾಡಿದ್ದವು.

ನಿಮ್ಮ ಲೆಕ್ಕ ಹಾಕೋಣ. ಹತ್ತು ತಿಂಗಳ ವ್ಯಾನು ಸೇರಿ ವರ್ಷಕ್ಕೆ 33 ಸಾವಿರ. ಮೂರರಿಂದ ಹತ್ತನೇ ತರಗತಿವರೆಗೆ 2 ಲಕ್ಷ 64 ಸಾವಿರ, ಅದೂ ಫೀ ಒಂದು ರೂಪಾಯಿಯೂ ಏರದಿದ್ದರೆ! ಇನ್ನೊಂದು ಯಾರೂ ಹೇಳುವುದಿಲ್ಲ. ಮುಂದೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಎರಡಕ್ಕೂ ಒಂದರಿಂದ ಹತ್ತು, ಹತ್ತೂ ವರ್ಷ ಹಾಗೇ ಓದಿರಬೇಕು. ಮುಧೋಳದ ವ್ಯಾನು ಹತ್ತಿದ ದಿನ ಎರಡೂ ಹೋದವು.

ನನ್ನ ಸಲಹೆ: ಶಿಕ್ಷಕರಿದ್ದರೆ ಐದನೇವರೆಗೆ ಬಿಡಿಸಬೇಡಿ. ಇಂಗ್ಲಿಷ್ 2007ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇದೆ. ಆದರೆ 60 ಮಕ್ಕಳವರೆಗೆ ಕಾನೂನು ಕೊಡುವುದೇ ಇಬ್ಬರು ಶಿಕ್ಷಕರನ್ನು, ತರಗತಿ ಐದು. ಅದರಲ್ಲೂ ಒಂದು ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರೂ ಬಂದಿಲ್ಲ ಅಂದರೆ, ಸುಮ್ನೆ ಅಭಿಮಾನಕ್ಕೆ ಮಗುವಿನ ವರ್ಷ ಕಳೆಯಬೇಡಿ.

ಸದಸ್ಯ, ಬಾದಾಮಿ: ಆರ್‌ಟಿಇ ಫ್ರೀ ಸೀಟು ಸಿಗಲ್ವಾ ಸರ್?

ಉತ್ತರ: ಈಗ ಕಷ್ಟ. ಮೊದಲು ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ, ಖಾಸಗಿ ಶಾಲೆಯ ಶೇ. 25 ಸೀಟು ಬಡ, ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಇತ್ತು. 2019ರಿಂದ ನಿಯಮ ಬದಲಾಗಿದೆ. ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಇಲ್ಲ. ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

ಸದಸ್ಯೆ, ಇಳಕಲ್: ಫೀ ಬಾಕಿ ಅಂತ ಮಗನ ಟಿಸಿ ಕೊಡ್ತಾ ಇಲ್ಲ. ನಾಲ್ಕನೇ ತರಗತಿ. ನಮ್ಮದು ಕೈಮಗ್ಗ, ಈ ವರ್ಷ ಕಟ್ಟೋಕಾಗಲಿಲ್ಲ.

ಉತ್ತರ: ಟಿಸಿಗಾಗಿ ಕಾಯಬೇಡಿ ತಾಯಿ. ಆರ್‌ಟಿಇ ಕಾಯ್ದೆಯ 5ನೇ ಕಲಂ ಪ್ರಕಾರ ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆ ಸೇರಿಸಿಕೊಳ್ಳದೆ ಇರುವಂತಿಲ್ಲ. ಮುಖ್ಯ ಗುರುಗಳಿಗೆ ಮಗುವಿನ ಎಸ್‌ಎಟಿಎಸ್ ನಂಬರ್ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿರುವ ವಿದ್ಯಾರ್ಥಿ ಸಂಖ್ಯೆ) ಕೊಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಬರೆದು, ಸ್ವೀಕೃತಿ ಸಹಿ ಹಾಕಿಸಿಕೊಂಡೇ ಬನ್ನಿ. ಬಾಕಿಯ ಜಗಳ ಬೇರೆ, ಹುಡುಗನ ಪಾಠ ಬೇರೆ.

ಸದಸ್ಯ, ಜಮಖಂಡಿ: ಅದೆಲ್ಲ ಸರಿ, ನಿಮ್ಮ ಮಕ್ಕಳನ್ನು ಯಾಕೆ ಖಾಸಗಿಗೆ ಹಾಕಿದ್ರಿ?

ಉತ್ತರ: ವರ್ಗಾವಣೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ನಿಜ ಹೇಳಬೇಕೆಂದರೆ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಾಕಿದ್ದರು, ನಾನೊಬ್ಬ ಹಾಕದಿದ್ದರೆ ಮರ್ಯಾದೆ ಪ್ರಶ್ನೆ ಅನ್ನಿಸಿತ್ತು. ಚಿಕ್ಕವನು ಇವತ್ತಿಗೂ ಕನ್ನಡ ಪೇಪರ್ ಓದುವಾಗ ಒತ್ತಕ್ಷರ ಬಂದರೆ ನಿಲ್ಲುತ್ತಾನೆ.

ಮುಧೋಳ ತಾಲ್ಲೂಕಿನ ತಾಯಿ (ನಾಲ್ಕು ದಿನದ ನಂತರ): ಸರ್, ಶಾಲೆಗೆ ಹೋಗಿದ್ದೆ. 41 ಮಕ್ಕಳು, ಇಬ್ಬರು ಅಕ್ಕೋರು. ಏಣಿ ಮೇಲೆ ಬೆರಳಿಟ್ಟು ತೋರಿಸಿದರು. ಲಗ್ನಪತ್ರಿಕೆ ತಡವರಿಸಿಕೊಂಡು ಓದಿದಳು, ಗುರುವಾರ ಅಂತಲೂ ಹೇಳಿದಳು. ನಾದಿನಿ ಮಗ ಇಂಗ್ಲಿಷ್ ಸಾಲು ಚೆನ್ನಾಗಿ ಓದಿದ, ಅರ್ಥ ಕೇಳಿದರೆ ಸುಮ್ಮನಾದ. ಲೆಕ್ಕ ಮಾತ್ರ ಇಬ್ಬರದೂ 25. ಅತ್ತೆ ಏನೂ ಮಾತಾಡಲಿಲ್ಲ.

ಉತ್ತರ: ಕಡ್ಡಿಪೆಟ್ಟಿಗೆ ತಗೊಳ್ಳಿ. ಹತ್ತು ಕಡ್ಡಿಗೊಂದು ರಬ್ಬರ್ ಹಾಕಿ ನಾಲ್ಕು ಕಟ್ಟು ಮಾಡಿ, ಮೂರು ಬಿಡಿಯಾಗಿಡಿ. "ನನಗೆ 28 ಕೊಡು" ಅನ್ನಿ. ಕಟ್ಟು ಬಿಚ್ಚದೆ ಕೊಡಲಾಗದು ಅಂತ ಅವಳೇ ಕಂಡುಕೊಳ್ಳಲಿ, ನೀವು ಬಾಯಿ ಬಿಡಬೇಡಿ. ನಾದಿನಿ ಮಗನನ್ನೂ ಪಕ್ಕದಲ್ಲಿ ಕೂರಿಸಿ.