ಎರಡು ದಿನದ ನೀರಿನ ಲೆಕ್ಕದ ತರಬೇತಿ: ಏನು ಹಿಡಿಯಬೇಕು, ಏನು ಬಿಡಬೇಕು?

(ಏತ, ಹದ ಮಳೆ, ಹುಣಸೆ ಬೀಜ, ಕೇಸಿಂಗ್ ಪೈಪು: ಇವು ಮಾತನಾಡುವವರ ಅಡ್ಡಹೆಸರುಗಳು. ಕೇಳುವವರು ಏತ, ಉಳಿದವರು ಉತ್ತರ ಕೊಡುವವರು.)

ಏತ:

ಬಯಲುಸೀಮೆಯ ಒಂದು ಊರಿನಲ್ಲಿ ನೀರಿನ ಬಜೆಟ್ ಬಗ್ಗೆ, ಅಂದರೆ ಊರಿಗೆ ಎಷ್ಟು ನೀರು ಬರುತ್ತದೆ, ಎಷ್ಟು ಖರ್ಚಾಗುತ್ತದೆ ಅನ್ನುವ ಲೆಕ್ಕದ ಬಗ್ಗೆ, ಎರಡು ದಿನದ ತರಬೇತಿ ಇದೆ. 30 ಜನ: ಸ್ತ್ರೀಶಕ್ತಿ ಸಂಘದವರು, ನೀರುಗಂಟಿ, ಬೋರ್‌ವೆಲ್ ಇರುವ ರೈತರು, ನಾಲ್ಕೈದು ಪಿಯುಸಿ ಹುಡುಗರು. ಊರಿನ ವಿಸ್ತೀರ್ಣ 500 ಹೆಕ್ಟೇರ್, ಜನ 1,200, ದನ-ಎಮ್ಮೆ 400, ಕುರಿ-ಮೇಕೆ 1,000, ಓಡುತ್ತಿರುವ ಬೋರ್‌ವೆಲ್ 60. ವರ್ಷದ ಮಳೆ 580 ಮಿ.ಮೀ. ಕೆಂಪು ಮಣ್ಣು, ಅಡಿಯಲ್ಲಿ ಗ್ರಾನೈಟ್, ನೀರು 25 ಮೀಟರಿಗಿಂತ ಆಳ.

ಕೇಳಬೇಕಾದ್ದು ಮೂರು. ಮೊದಲು ಏನು ಮಾಡಿಸಬೇಕು? ಕೋಟಿ ಲೀಟರ್ ಲೆಕ್ಕವನ್ನು ಓದು ಬರದವರ ಮುಂದೆ ಹೇಗೆ ಇಡಬೇಕು? ಮಳೆ ಬರೆಯುವ ಪುಸ್ತಕ ಮೂರು ತಿಂಗಳಿಗೆ ನಿಂತುಹೋಗುವುದು ಏಕೆ?

ಹದ ಮಳೆ:

ಎರಡು ದಿನವನ್ನು ಬೆನ್ನುಬೆನ್ನಿಗೆ ಇಡಬೇಡಿ. ಒಂದು ದಿನ ಭರಣಿ ಮಳೆಯ ಹೊತ್ತಿಗೆ, ಮೇ ಮೊದಲ ವಾರ. ಅಂದು ಅಳತೆ ಮಾತ್ರ. ಇನ್ನೊಂದು ದಿನ ಚಿತ್ತೆ ಮುಗಿಯುವಾಗ, ಅಕ್ಟೋಬರ್ ಮೂರನೇ ವಾರ. ಅಂದು ಲೆಕ್ಕ. ಅಷ್ಟರಲ್ಲಿ ಮಳೆ ಎಷ್ಟು ಬಂತು ಅನ್ನುವುದು ಗೊತ್ತಾಗಿರುತ್ತದೆ, ಬೇಸಿಗೆ ಬೆಳೆ ಯಾವುದು ಅನ್ನುವುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಅವಿಭಜಿತ ಆಂಧ್ರದ ಏಳು ಬರಪೀಡಿತ ಜಿಲ್ಲೆಗಳಲ್ಲಿ ರೈತರೇ ನಡೆಸಿದ ಅಂತರ್ಜಲ ಯೋಜನೆಯಲ್ಲೂ ಬೆಳೆ-ನೀರಿನ ಲೆಕ್ಕವನ್ನು ಹಿಂಗಾರಿಗೆ ಮುಂಚೆ ಹಾಕುತ್ತಿದ್ದರು. ನಾಟಿ ಆದಮೇಲೆ ಹಾಕಿದ ಲೆಕ್ಕ ಪಂಚಾಂಗ ಓದಿದ ಹಾಗೆ, ಕೇಳಿ ಎದ್ದುಹೋಗುತ್ತಾರೆ.

ಮೊದಲ ದಿನ ಮಳೆಮಾಪಕವನ್ನು ಅವರ ಕೈಯಲ್ಲೇ ಮಾಡಿಸಿ. ಬೇಕಾದ್ದು 16 ಸೆಂ.ಮೀ. ಬಾಯಿಯ ಲಾಳಿಕೆ, 5 ಲೀಟರಿನ ಎಣ್ಣೆ ಕ್ಯಾನ್, ಮಿಲಿಲೀಟರ್ ಗೆರೆ ಇರುವ ಒಂದು ಅಳತೆ ಪಾತ್ರೆ. 16 ಸೆಂ.ಮೀ. ಯಾಕೆಂದರೆ ಅದರ ಬಾಯಿಯ ವಿಸ್ತಾರ 201 ಚದರ ಸೆಂ.ಮೀ., ಹಾಗಾಗಿ 20 ಮಿ.ಲೀ. ನೀರು ಬಿದ್ದರೆ 1 ಮಿ.ಮೀ. ಮಳೆ. 20ರಿಂದ ಭಾಗಿಸಲು ಎಲ್ಲರಿಗೂ ಬರುತ್ತದೆ. ಕ್ಯಾನ್ ತುಂಬಲು 250 ಮಿ.ಮೀ. ಮಳೆ ಬೇಕು, ಒಂದೇ ರಾತ್ರಿ ಉಕ್ಕಿಹೋಗುವ ಭಯವಿಲ್ಲ.

ಕೆಡುವುದು ಇಲ್ಲಿ: ಲಾಳಿಕೆ ತಟ್ಟೆಯಷ್ಟು ಚಪ್ಪಟೆ ಇದ್ದರೆ ಜೋರು ಹನಿ ಸಿಡಿದು ಆಚೆ ಹೋಗುತ್ತದೆ. ಬಾಯಿಯ ಮೇಲೆ ಅರ್ಧ ಅಡಿ ಎತ್ತರದ ಪಿವಿಸಿ ಪೈಪಿನ ತುಂಡು ಕೂರಿಸಿ, ಆದರೆ ಆಗ ಪೈಪಿನ ಒಳ ಅಳತೆಯೇ ಲೆಕ್ಕಕ್ಕೆ ಬರುತ್ತದೆ. ಒಳಗೆ 15 ಸೆಂ.ಮೀ. ಇದ್ದರೆ 1 ಮಿ.ಮೀ.ಗೆ 17.7 ಮಿ.ಲೀ. ಬಾಯಿ ಓರೆಯಾಗಿದ್ದರೂ ತಪ್ಪುತ್ತದೆ, ರಸಮಟ್ಟ ಇಟ್ಟು ನೋಡಿ. ನೆಲದಿಂದ ಎರಡಡಿ ಎತ್ತರ ಇರಲಿ. ಮರ, ಗೋಡೆ ಎಷ್ಟು ಎತ್ತರವೋ ಕನಿಷ್ಠ ಅದರ ಎರಡರಷ್ಟು ದೂರ. ಓದುವುದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ಲೆಕ್ಕವೂ ಆ ಹೊತ್ತಿನದೇ. ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ಪುಸ್ತಕ ನಿಲ್ಲುವುದಕ್ಕೆ ಕಾರಣ, ಅದನ್ನು ಯಾರೂ ನೋಡುವುದಿಲ್ಲ. ಮಾಪಕವನ್ನು ಹಾಲಿನ ಡೇರಿಯ ಹತ್ತಿರ ಇಡಿ. ಅಲ್ಲಿ ದಿನಕ್ಕೆರಡು ಸಲ ಊರು ಸೇರುತ್ತದೆ, ಅಳೆದು ಬರೆಯುವ ರೂಢಿ ಇದೆ. ಶಾಲೆಯಲ್ಲಿಟ್ಟರೆ ಬೇಸಿಗೆ ರಜೆಯಲ್ಲಿ ಮುಂಗಾರು ಪೂರ್ವ ಮಳೆ ಅಷ್ಟೂ ತಪ್ಪಿಹೋಗುತ್ತದೆ. ಗೋಡೆಯ ಮೇಲೆ ಪೇಂಟಿನಲ್ಲಿ ಕೋಷ್ಟಕ ಬರೆಸಿ, ತಿಂಗಳ ಲೆಕ್ಕದಲ್ಲಲ್ಲ, ಮಳೆ ನಕ್ಷತ್ರದ ಲೆಕ್ಕದಲ್ಲಿ: ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಹೀಗೆ ಸ್ವಾತಿವರೆಗೆ. ಒಂದೊಂದು 13-14 ದಿನ. “ಈ ಸಲ ಆರಿದ್ರೆ 22 ಮಿ.ಮೀ.” ಅಂದರೆ ಯಜಮಾನರು ತಿರುಗಿ ನೋಡುತ್ತಾರೆ, “ಜೂನ್ ನಾಲ್ಕನೇ ವಾರ” ಅಂದರೆ ಇಲ್ಲ. ಮಳೆ ಬಾರದ ದಿನ ಸೊನ್ನೆ ಬರೆಯಲೇಬೇಕು. ಖಾಲಿ ಬಿಟ್ಟ ಮನೆ ಮಳೆ ಇಲ್ಲದ ದಿನವೋ, ಯಾರೂ ನೋಡದ ದಿನವೋ ಆಮೇಲೆ ತಿಳಿಯುವುದಿಲ್ಲ. ಓದಲು ಎರಡು ಮನೆಗಳಿಗೆ ಹೇಳಿಡಿ, ಒಬ್ಬರು ನೆಂಟರ ಊರಿಗೆ ಹೋದರೆ ಇನ್ನೊಬ್ಬರು.

ಹುಣಸೆ ಬೀಜ:

ಎರಡನೇ ಪ್ರಶ್ನೆಗೆ. ನಿಮ್ಮ ಊರಿನ ಲೆಕ್ಕವನ್ನೇ ಹಾಕೋಣ. 500 ಹೆಕ್ಟೇರಿನ ಮೇಲೆ 580 ಮಿ.ಮೀ. ಅಂದರೆ 290 ಕೋಟಿ ಲೀಟರ್. ಅಕ್ಟೋಬರಿನಲ್ಲಿ ಸರಾಸರಿ ಬಿಟ್ಟು ಗೋಡೆಯ ಮೇಲಿನ ಆ ವರ್ಷದ ಮಳೆ ಹಾಕಿ. ಗ್ರಾನೈಟ್ ನೆಲದಲ್ಲಿ ಅಂತರ್ಜಲಕ್ಕೆ ಸೇರುವುದು ಶೇ 10ಕ್ಕಿಂತ ಹೆಚ್ಚು ಹಿಡಿಯಬೇಡಿ. 29 ಕೋಟಿ.

ಶಾಲೆ ಅಂಗಳದಲ್ಲಿ ಹೆಣ್ಣುಮಕ್ಕಳ ಕೈಯಲ್ಲಿ ರಂಗೋಲಿಯಿಂದ ಊರಿನ ನಕ್ಷೆ ಬರೆಸಿ: ಕೆರೆ, ಹಳ್ಳ, ಬೋರ್‌ವೆಲ್ ಇರುವ ಜಾಗ. ನೀರಿನ ಟ್ಯಾಂಕರ್ ಯಾವ ಕೇರಿಗೆ ಕೊನೆಗೆ ಹೋಗುತ್ತದೆ ಅನ್ನುವುದೂ ಅದರಲ್ಲೇ ಬರುತ್ತದೆ. ನಕ್ಷೆಯ ಪಕ್ಕದಲ್ಲಿ 290 ಹುಣಸೆ ಬೀಜ, ಒಂದು ಬೀಜ ಒಂದು ಕೋಟಿ ಲೀಟರ್. ಹತ್ತು ಗುಪ್ಪೆ ಮಾಡಿಸಿ. ಒಂಬತ್ತನ್ನು ತೆಗೆದಿಡಿ: ಆವಿಯಾಗಿದ್ದು, ಗಿಡ-ಪೈರು ಕುಡಿದದ್ದು, ಹಳ್ಳದಲ್ಲಿ ಹರಿದುಹೋದದ್ದು. ಉಳಿದ ಒಂದೇ ಗುಪ್ಪೆಯಲ್ಲಿ ಊರಿನ ಅಂತರ್ಜಲದ ಬದುಕು.

ಮೊದಲ ಪಾಲು ಕುಡಿಯುವುದಕ್ಕೆ. ಜಲಜೀವನ್ ಮಿಷನ್ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್ ಅಂದರೆ 1,200 ಜನಕ್ಕೆ ವರ್ಷಕ್ಕೆ 2.4 ಕೋಟಿ. ದನಕ್ಕೆ ದಿನಕ್ಕೆ 50, ಕುರಿಗೆ 5 ಹಿಡಿದರೆ 0.9 ಕೋಟಿ. ಎರಡೂ ಸೇರಿ 3.3. ಉಳಿದದ್ದು 25.7. ಬೀಜದಲ್ಲಿ ಮೂರು ತೆಗೆದು 26 ಬಿಡಿ, ದಶಾಂಶ ನಿಮ್ಮ ಪುಸ್ತಕದಲ್ಲಿರಲಿ.

ಈಗ ಬೋರ್‌ವೆಲ್. ಒಂದೊಂದು ಗಂಟೆಗೆ 6,000 ಲೀಟರ್, ದಿನಕ್ಕೆ 5 ಗಂಟೆ, ವರ್ಷಕ್ಕೆ 180 ದಿನ ಅಂದುಕೊಂಡರೆ 60 ಬೋರ್‌ವೆಲ್‌ಗೆ 32.4 ಕೋಟಿ. 32 ಬೀಜ ಎಣಿಸಲು ರೈತರಿಗೇ ಹೇಳಿ. 26ಕ್ಕೆ ಗುಪ್ಪೆ ಮುಗಿಯುತ್ತದೆ. ಅಲ್ಲಿ ನೀವು ಬಾಯಿ ತೆರೆಯಬೇಡಿ. “ಹೋದ ವರ್ಷ ಈ ಆರು ಎಲ್ಲಿಂದ ತಂದಿರಿ?” ಅನ್ನುವುದನ್ನು ಅವರಲ್ಲೇ ಒಬ್ಬರು ಕೇಳುವವರೆಗೆ ಕಾಯಿರಿ. ಪ್ರೊಜೆಕ್ಟರ್ ಬೇಡ, ಮಧ್ಯಾಹ್ನ ಹೇಗೂ ಕರೆಂಟ್ ಇರುವುದಿಲ್ಲ.

ಒಂದು ಮಾತು: ಸಭೆ ದೇವಸ್ಥಾನದ ಕಟ್ಟೆಯಲ್ಲಿ ಬೇಡ. ಎಲ್ಲ ಕೇರಿಯವರೂ ಹಿಂಜರಿಕೆ ಇಲ್ಲದೆ ಬಂದು ಕೂರುವ ಜಾಗ ಆಗಬೇಕು. ಹೊತ್ತು ಬೆಳಿಗ್ಗೆ 11ರಿಂದ 3. ಸಂಜೆ ಇಟ್ಟರೆ ಹಾಲು ಕರೆಯುವ ಹೊತ್ತಿಗೆ ಹೆಂಗಸರೆಲ್ಲ ಎದ್ದು ಹೋಗುತ್ತಾರೆ.

ಕೇಸಿಂಗ್ ಪೈಪು:

ಮೇಲಿನ ಲೆಕ್ಕ ಸರಿ, ಆದರೆ ಒಂದು ಬಾಬು ಬಿಟ್ಟುಹೋಗಿದೆ. ಹೊಲಕ್ಕೆ ಬಿಟ್ಟ ನೀರಿನಲ್ಲಿ ಸ್ವಲ್ಪ ಮತ್ತೆ ಕೆಳಗಿಳಿಯುತ್ತದೆ. ಕೇಂದ್ರದ ಅಂತರ್ಜಲ ಅಂದಾಜಿನ ಪದ್ಧತಿಯಲ್ಲಿ, ನೀರಿನ ಮಟ್ಟ 25 ಮೀಟರಿಗಿಂತ ಆಳ ಇದ್ದರೆ ಭತ್ತ ಬಿಟ್ಟು ಉಳಿದ ಬೆಳೆಗೆ ಶೇ 5, ಭತ್ತಕ್ಕೆ ಶೇ 20 ಹಿಡಿಯುತ್ತಾರೆ. ಭತ್ತ ಎಷ್ಟಿದೆ ಅಂತ ಗೊತ್ತಾಗುವವರೆಗೆ ಎಲ್ಲಕ್ಕೂ ಶೇ 5 ಹಿಡಿದರೆ 1.6 ಕೋಟಿ ವಾಪಸ್. ಕೊರತೆ 6.7 (32.4ರಲ್ಲಿ 25.7 ಕಳೆದದ್ದು) ಅಲ್ಲ, 5.1. ಇದನ್ನು ನೀವೇ ಹೇಳಿ. ಇಲ್ಲದಿದ್ದರೆ “ಗದ್ದೆ ನೀರು ಇಂಗೋದಿಲ್ವಾ ಸ್ವಾಮಿ?” ಅಂತ ಒಬ್ಬರು ಎದ್ದರೆ ಇಡೀ ಲೆಕ್ಕದ ಮೇಲೆ ನಂಬಿಕೆ ಹೋಗುತ್ತದೆ.

6,000 ಅನ್ನುವುದನ್ನು ಬಾಯಿಮಾತಲ್ಲಿ ತೆಗೆದುಕೊಳ್ಳಬೇಡಿ. “ಎರಡಿಂಚು ನೀರು” ಅನ್ನುವುದು ಅಳತೆಯಲ್ಲ, ಹೆಮ್ಮೆ. ಮೇ ತಿಂಗಳ ದಿನವೇ 200 ಲೀಟರ್ ಡ್ರಮ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹೊರಡಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000. ಮೋಟರ್ ಹಾಕಿದ ತಕ್ಷಣ ಅಳೆದರೆ ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರು ಬಂದು ಲೆಕ್ಕ ಉಬ್ಬುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಅಳೆಯಿರಿ. 60ರಲ್ಲಿ ಹತ್ತನ್ನಾದರೂ: ಕೆರೆ ಹಿಂದಿನವು, ದಿಣ್ಣೆಯವು, ಹಳ್ಳದ ಪಕ್ಕದವು, ಎಲ್ಲ ಬಗೆಯವು.

ಗಂಟೆಯ ಲೆಕ್ಕದಲ್ಲೂ ಮೋಸ ಇದೆ. ಆಟೋ ಸ್ಟಾರ್ಟರ್ ಇರುವ ಕಡೆ ತ್ರೀಫೇಸ್ ಬಂದಾಗಲೆಲ್ಲ ಪಂಪು ತಾನೇ ಓಡುತ್ತದೆ, ರೈತ ಹೇಳುವುದು ತಾನು ಹೊಲದಲ್ಲಿದ್ದ ಹೊತ್ತು ಮಾತ್ರ.

ನೀರಿನ ಆಳ ನೋಡಲು ಓಡುವ ಬೋರ್‌ವೆಲ್‌ಗೆ ದಾರ ಇಳಿಸಬೇಡಿ. ಕೇಬಲ್‌ಗೆ ಸುತ್ತಿಕೊಂಡು ಪಂಪು ಎತ್ತುವ ಖರ್ಚು ನಿಮ್ಮ ತಲೆಗೆ ಬರುತ್ತದೆ. ಯಾರಾದರೂ ಪಂಪು ಇಳಿಸುವ ದಿನ ಪಕ್ಕದಲ್ಲೇ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಕಟ್ಟಿ ಇಳಿಸಿದರೆ ಅದರೊಳಗೆ ಅಳೆಯಬಹುದು. ಇಲ್ಲವೇ ಬಿಟ್ಟ ಬೋರ್‌ವೆಲ್ ಒಂದನ್ನು ಹಿಡಿಯಿರಿ. ಅಳೆದ ಮೇಲೆ ಬಾಯಿಗೆ ಕಬ್ಬಿಣದ ಮುಚ್ಚಳ, ಬೋಲ್ಟ್ ಹಾಕಿಯೇ ಹೊರಡಿ. ಕಲ್ಲು ಮುಚ್ಚುವುದು ಮುಚ್ಚುವುದಲ್ಲ.

ಬೋರ್‌ವೆಲ್ ಸಂಖ್ಯೆ ಕೇಳುವಾಗ ಪಂಚಾಯಿತಿ ಪುಸ್ತಕ ತೆರೆದಿಡಬೇಡಿ. 10 ಎಚ್‌ಪಿವರೆಗೆ ಉಚಿತ ಕರೆಂಟ್ ಇರುವ ಕಡೆ ಲೆಕ್ಕ ಕೇಳಿದರೆ ಮೀಟರ್ ಬಂತು ಅಂದುಕೊಳ್ಳುತ್ತಾರೆ. ರಂಗೋಲಿ ನಕ್ಷೆಯಲ್ಲಿ ಕಲ್ಲು ಇಡಿಸಿ, ಹೆಸರು ಬೇಡ. ಒಬ್ಬರು ಬಿಟ್ಟದ್ದನ್ನು ಪಕ್ಕದ ಹೊಲದವರು ಇಡುತ್ತಾರೆ.

ಏತ:

ತುಂಬ ಉಪಕಾರ. 5.1 ಕೋಟಿ ಕೊರತೆ ಅಂತ ಗೊತ್ತಾದ ಮೇಲೆ ಸಭೆ ಅಲ್ಲಿಗೇ ನಿಲ್ಲಬಾರದಲ್ಲ. ಚೆಕ್‌ಡ್ಯಾಂ ಕಟ್ಟೋಣ ಅನ್ನುತ್ತಾರೆ. ಡ್ರಿಪ್ ಹಾಕಿಸೋಣ ಅನ್ನುತ್ತಾರೆ. ಏನು ಹೇಳಲಿ?

ಹುಣಸೆ ಬೀಜ:

ಕೊರತೆಯನ್ನು ಎಕರೆಗೆ ತಿರುಗಿಸಿ. ಬೇಸಿಗೆ ಭತ್ತಕ್ಕೆ ಸುಮಾರು 1,200 ಮಿ.ಮೀ., ಅಂದರೆ ಎಕರೆಗೆ 48.6 ಲಕ್ಷ ಲೀಟರ್. ನೀರಾವರಿ ರಾಗಿಗೆ 450 ಮಿ.ಮೀ. ಹಿಡಿದರೆ 18.2 ಲಕ್ಷ. ವ್ಯತ್ಯಾಸ 30 ಲಕ್ಷ, ಹಾಗಾಗಿ 17 ಎಕರೆ ಭತ್ತ ರಾಗಿಯಾದರೆ ಸಾಕು ಅನ್ನಿಸುತ್ತದೆ. ಸಾಲದು. ಗದ್ದೆಯಿಂದ ವಾಪಸ್ ಇಂಗುವ ಶೇ 20, ರಾಗಿಯ ಶೇ 5 ಕಳೆದರೆ ನಿಜವಾಗಿ ಉಳಿಯುವುದು 21.6 ಲಕ್ಷ. 24 ಎಕರೆ ಬೇಕು. “ಈ ಊರಲ್ಲಿ 24 ಎಕರೆ ಯಾರದು?” ಅನ್ನುವುದು ಚರ್ಚೆಗೆ ಸಿಗುವ ಪ್ರಶ್ನೆ. “ನೀರು ಉಳಿಸಿ” ಅನ್ನುವುದು ಗೋಡೆಬರಹ.

ಅಡಿಕೆ ಇದ್ದರೆ ಈ ಆಟ ನಡೆಯುವುದಿಲ್ಲ, ಬೆಳೆ ಬದಲಾಯಿಸಲಾಗುವುದಿಲ್ಲ. 9 ಅಡಿಗೆ 9 ಅಡಿ ಅಂದರೆ ಎಕರೆಗೆ 540 ಮರ, ಡ್ರಿಪ್‌ನಲ್ಲಿ ಮರಕ್ಕೆ 20 ಲೀಟರ್ ಅಂದರೆ ದಿನಕ್ಕೆ 10,800. ಇದ್ದ ತೋಟಕ್ಕೆ ಮೊದಲು ನೀರು ತೆಗೆದಿಟ್ಟು, ಹೊಸ ತೋಟ ಬೇಕೆ ಅನ್ನುವುದನ್ನು ಮಾತ್ರ ಸಭೆಗೆ ಬಿಡಿ.

ಕೇಸಿಂಗ್ ಪೈಪು:

ಡ್ರಿಪ್ ಬಗ್ಗೆ ಎಚ್ಚರ. ಉಳಿದ ನೀರಿಗೆ ಪಕ್ಕದ ಅರ್ಧ ಎಕರೆ ಸೇರಿಸಿಕೊಂಡರೆ ಬೋರ್‌ವೆಲ್ ಓಡುವ ಗಂಟೆ ಅಷ್ಟೇ ಇರುತ್ತದೆ, ಊರಿನ ಗುಪ್ಪೆಗೆ ಒಂದು ಬೀಜವೂ ವಾಪಸ್ ಬರುವುದಿಲ್ಲ. ಪೈಪು ಹಾಕಿಸುವ ಮುಂಚೆ ವಿಸ್ತೀರ್ಣ ಹೆಚ್ಚಿಸುವುದಿಲ್ಲ ಅಂತ ಮಾತಾಗಿರಬೇಕು.

ಚೆಕ್‌ಡ್ಯಾಂಗೆ ಲೆಕ್ಕ ಕೇಳಿ. 50 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ 1 ಮೀಟರ್ ಆಳ ನಿಂತರೆ 5 ಲಕ್ಷ ಲೀಟರ್. ವರ್ಷಕ್ಕೆ ನಾಲ್ಕು ಸಲ ತುಂಬಿ, ಅರ್ಧ ಇಂಗಿದರೆ 10 ಲಕ್ಷ. 5.1 ಕೋಟಿಗೆ ಅಂಥವು 51 ಬೇಕು. ಇರುವ ಕೆರೆಯ ಹೂಳು, ಕೆರೆಗೆ ಬರುವ ಕಾಲುವೆಯ ಒತ್ತುವರಿ ಮೊದಲು ನೋಡಿ. ಕೇಂದ್ರದ ಅಂತರ್ಜಲ ಯೋಜನೆ ಅಟಲ್ ಭೂಜಲ್ ನಡೆದ ಪಂಚಾಯಿತಿ ಆಗಿದ್ದರೆ ಅದರಡಿ ಮಾಡಿದ ಜಲ ಸುರಕ್ಷಾ ಯೋಜನೆಯ (ಪಂಚಾಯಿತಿಯ ನೀರಿನ ಲೆಕ್ಕದ ಕಡತ) ಪ್ರತಿ ಕೇಳಿ ಪಡೆಯಿರಿ. ಅದರ ಅಂಕಿಗಳನ್ನು ನಿಮ್ಮ ಬೀಜದ ಲೆಕ್ಕದ ಪಕ್ಕ ಇಟ್ಟು, ಎಲ್ಲಿ ತಾಳೆಯಾಗುವುದಿಲ್ಲವೋ ಆ ಬಾಬನ್ನೇ ಮೇ ತಿಂಗಳಲ್ಲಿ ಮತ್ತೆ ಅಳೆಸಿ.